ಪಾರ್ಕಿನಲ್ಲಿ ಸರ್ಕಸ್ ಕಲಿಸಿ

ಮಾನ್ಯರೇ,

ನನಗೀಗ 62 ವರ್ಷ. ಹೋದ ವರ್ಷ ಬಲಭುಜ ಹಿಡಿದುಕೊಂಡು ತಲೆ ಬಾಚುವುದೇ ಕಷ್ಟವಾಗಿತ್ತು. ಫಿಸಿಯೋಥೆರಪಿ ಮುಗಿದರೂ ಕೈ ಆಡಿಸುತ್ತಿರಿ ಎಂದರು. ಗೋಡೆ ನೋಡಿಕೊಂಡು ಕೈ ಎತ್ತಿ ಇಳಿಸುವುದು ವಾರಕ್ಕೇ ಬೇಜಾರಾಯಿತು. ಆಗ ಮೊಮ್ಮಗಳು, ಸರ್ಕಸ್‌ನವರಂತೆ ಚೆಂಡುಗಳನ್ನು ಒಂದಾದ ಮೇಲೊಂದು ಎಸೆದು ಹಿಡಿಯುವ ಜಗ್ಲಿಂಗ್ ಕಲಿಯಲೆಂದು, ಹಳೇ ಕಾಲುಚೀಲಕ್ಕೆ ರಾಗಿ ತುಂಬಿ ಮೂರು ಚೆಂಡು ಕಟ್ಟಿಕೊಟ್ಟಳು. ಮಂಚದ ಪಕ್ಕ ನಿಂತು ಎಸೆದರೆ ಹಾಸಿಗೆ ಮೇಲೇ ಬೀಳುತ್ತವೆ, ಬಗ್ಗುವ ಕೆಲಸವಿಲ್ಲ. ಮೊದಲ ಚೆಂಡು ಕಣ್ಣಿನ ಮಟ್ಟಕ್ಕೇರಿ ಇಳಿಯುವಾಗ ಎರಡನೆಯದನ್ನು ಎಸೆಯಬೇಕು. ಗುಟ್ಟು ಇಷ್ಟೇ. ಕೈಗೆ ಹತ್ತಲು ಒಂದೂವರೆ ತಿಂಗಳು ಬೇಕಾಯಿತು ಅನ್ನಿ!

ಮೂರು ತಿಂಗಳು ಜಗ್ಲಿಂಗ್ ಕಲಿತವರ ಮಿದುಳಿನ ಒಂದು ಭಾಗ ತುಸು ಹಿಗ್ಗಿದ್ದನ್ನು ಜರ್ಮನಿಯ ವಿಜ್ಞಾನಿಗಳು 2004ರಲ್ಲಿ ವರದಿ ಮಾಡಿದ್ದರು. ನನ್ನದು ಹಿಗ್ಗಿತೋ ಇಲ್ಲವೋ, ಮನೆಯಲ್ಲಿ ನಗು ಮಾತ್ರ ಜಾಸ್ತಿಯಾಗಿದೆ.

ನಮ್ಮ ಬಡಾವಣೆಯ ಪಾರ್ಕಿಗೆ ಚೆಂಡು ಒಯ್ದರೆ ಕಾವಲುಗಾರ, ‘ಇಲ್ಲಿ ಸರ್ಕಸ್ ಮಾಡಬೇಡಿ’ ಎಂದು ಕಳಿಸಿಬಿಟ್ಟ. ಸುಮ್ನೆ ಹರಟೆ ಹೊಡೆಯಬಹುದು, ಇದು ಕೂಡದು! ಊರೂರು ಸುತ್ತುವ ಸರ್ಕಸ್ ಕಂಪನಿಗಳು ಕಮ್ಮಿಯಾಗಿವೆ. ಡೇರೆ ಬಿಟ್ಟ ಕಲಾವಿದರನ್ನು ಕರೆಸಿ, ಸಂಬಳ ಕೊಟ್ಟು, ಭಾನುವಾರ ಒಂದು ಗಂಟೆ ಕಲಿಸಬಹುದಲ್ವಾ? ಚೆಂಡು ನಾನೇ ಹೊಲಿದು ತರುತ್ತೇನೆ.

– ಓದುಗಿ, ದಾವಣಗೆರೆ