ನಮ್ಮ ರಾಜನ ಹೆಗಲು ನೋಡಿಕೊಂಡ ಅಕ್ಕನಿಗೆ

ಅಕ್ಕ, ನಿಮ್ಮ ಹೆಸರು ಗೊತ್ತಿಲ್ಲ. ನಮ್ಮ ಮುಧೋಳ ನಾಯಿ ರಾಜನ ಹೆಗಲಿಗೆ ಪೆಟ್ಟಾಗಿದೆ, ಆಪರೇಷನ್ ಬೇಡ, ಫಿಸಿಯೋಥೆರಪಿ ಸಾಕು ಅಂದಿದ್ದರು ಡಾಕ್ಟರು. ನಾಯಿಗೂ ಫಿಸಿಯೋಥೆರಪಿಯಾ ಅಂತ ನಾವು ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಆಸ್ಪತ್ರೆಯಲ್ಲಿ ನೀವು ನಿಮ್ಮ ಲ್ಯಾಬ್ರಡಾರ್ ಜೊತೆ ನಮ್ಮ ಬೆಂಚಿಗೇ ಬಂದು ಕೂತಿರಿ.

ನಾಯಿಗೆ ನಮ್ಮ ಹಾಗೆ ಗಟ್ಟಿ ಕಾಲರ್ ಬೋನ್ ಇಲ್ಲ, ಮುಂಗಾಲನ್ನು ಮೈಗೆ ಹಿಡಿದಿಟ್ಟಿರುವುದೇ ಸ್ನಾಯುಗಳು, ಮೈಭಾರದಲ್ಲಿ ಸುಮಾರು ಶೇ. 60 ಮುಂಗಾಲುಗಳ ಮೇಲೇ ಬೀಳುತ್ತದೆ ಅಂದಿರಿ. ಸೋಫಾದಿಂದ ಜಿಗಿಯಲು ಬಿಡಬೇಡಿ ಅಂತ ಡಾಕ್ಟರು ಯಾಕೆ ಒತ್ತಿ ಹೇಳಿದರೆಂದು ಆಗ ತಿಳಿಯಿತು.

ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಹೆಗಲಿಗೆ ಇಡುವ ಮೊದಲು ನಮ್ಮ ಕೈಗೇ ಮುಟ್ಟಿಸಿ ನೋಡಬೇಕು. ಕಾಲನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸುವಾಗ ನಾಯಿ ತುಟಿ ನೆಕ್ಕಿದರೆ, ತಿರುಗಿ ನಮ್ಮ ಕೈ ನೋಡಿದರೆ, ಅಲ್ಲಿಗೇ ನಿಲ್ಲಿಸಬೇಕು. ಇದನ್ನೆಲ್ಲ ನಿಮ್ಮ ನಾಯಿಯ ಮೇಲೇ ಮಾಡಿ ತೋರಿಸಿದಿರಿ. ಚೀಟಿಯಲ್ಲಿ ಇಷ್ಟೆಲ್ಲ ಎಲ್ಲಿ ಬರೆಯುತ್ತಾರೆ, ಅಲ್ವಾ? ನೋಯುವ ಕಾಲು ಊರಿದಾಗ ತಲೆ ಮೇಲಕ್ಕೇಳುತ್ತದೆ, ನಿಧಾನವಾಗಿ ನಡೆಸಿ ಅದನ್ನು ಗಮನಿಸಿ ಅಂದದ್ದಂತೂ ದಿನಾ ಉಪಯೋಗಕ್ಕೆ ಬಂತು. ಜಾರುವ ನೆಲಕ್ಕೆ ಮ್ಯಾಟ್ ಹಾಸುವ ಉಪಾಯವೂ ನಿಮ್ಮದೇ. ಮನೆ ಈಗ ಯೋಗ ಕ್ಲಾಸಿನ ಹಾಗೆ ಕಾಣುತ್ತದೆ, ಇರಲಿ ಬಿಡಿ.

ಬೆಲ್ಟ್ ಹಿಡಿದು ಸಣ್ಣ ಏರು ಹತ್ತಿಸಬಹುದು ಅಂತ ಮೊನ್ನೆ ಡಾಕ್ಟರು ಹೇಳಿದರು. ಓಟ ಇನ್ನೂ ಬೇಡವಂತೆ. ತುಂಬಾ ಥ್ಯಾಂಕ್ಸ್ ಅಕ್ಕ. ನಿಮ್ಮ ಲ್ಯಾಬ್ರಡಾರ್ ಕಾಲು ಈಗ ಹೇಗಿದೆ, ತಿಳಿಸಿ.