ಟಿಬಿ ಮಾತ್ರೆ ಕೊಡುವ ದಿನವೇ ಇದನ್ನೂ ಹೇಳಿ

ಮಾನ್ಯ ಸಂಪಾದಕರೇ,

ಟಿಬಿ ಮಾತ್ರೆ ಶುರುವಾದ ಮಾರನೇ ದಿನ ನನ್ನ ತಮ್ಮನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ರಕ್ತ ಹೋಗುತ್ತಿದೆ ಅಂದುಕೊಂಡ. ಯಾರಿಗೂ ಹೇಳಲಿಲ್ಲ. ದಿಂಬಿನ ಕವರಿನೊಳಗೆ ಮೂರು ದಿನದ ಮಾತ್ರೆ ಸಿಕ್ಕಾಗಲೇ ನಮಗೆ ವಿಷಯ ಗೊತ್ತಾಗಿದ್ದು.

ಅದು ಟಿಬಿ ಮಾತ್ರೆಗಳಲ್ಲಿ ಒಂದಾದ ರಿಫಾಂಪಿಸಿನ್‌ನ ಬಣ್ಣ, ಅಷ್ಟೇ. ಬೆವರಿಗೂ ಕಣ್ಣೀರಿಗೂ ಬರುತ್ತದೆ, ಅಪಾಯ ಇಲ್ಲ. ಮೊದಲ ದಿನವೇ ಯಾರಾದರೂ ಇಷ್ಟು ಹೇಳಿದ್ದರೆ ಅವನು ಮಾತ್ರೆ ಬಚ್ಚಿಡುತ್ತಿರಲಿಲ್ಲ ಅಲ್ವಾ? ಹೀಗೆ ಬಿಟ್ಟು ಬಿಟ್ಟು ನುಂಗಿದರೆ ಉಳಿದ ರೋಗಾಣುಗಳು ಔಷಧಿಗೆ ಬಗ್ಗದ ಹಾಗೆ ಆಗಬಹುದು, ಆಮೇಲಿನ ಚಿಕಿತ್ಸೆ ಇನ್ನೂ ಕಷ್ಟ.

ಹಾಗಂತ ಎಲ್ಲವೂ ಮಾಮೂಲಿ ಅಂತ ಸುಮ್ನೆ ಇರುವ ಹಾಗೂ ಇಲ್ಲ. ಈ ಮಾತ್ರೆಗಳಲ್ಲಿ ಕೆಲವು ಲಿವರ್‌ಗೆ ಪೆಟ್ಟು ಕೊಡಬಹುದು. ಕಾಮಾಲೆ ಬಂದಾಗಲೂ ಮೂತ್ರದ ಬಣ್ಣ ಗಾಢವಾಗುತ್ತದೆ, ಮಾತ್ರೆಯ ಬಣ್ಣವೇ ಇರಬೇಕು ಅಂತ ಮೋಸ ಹೋಗುವುದು ಇಲ್ಲೇ. ಅದಕ್ಕೇ ಬೆಳಗಿನ ಬೆಳಕಲ್ಲಿ ಕಣ್ಣು ನೋಡಿಕೊಳ್ಳಬೇಕು. ಕಣ್ಣಿನ ಬಿಳಿಭಾಗ ಹಳದಿಯಾಗಿದ್ದರೆ, ಊಟ ಸೇರದೆ ವಾಂತಿ ನಿಲ್ಲದಿದ್ದರೆ, ಮುಂದಿನ ಮಾತ್ರೆ ನುಂಗುವ ಮೊದಲು ಅವತ್ತೇ ವೈದ್ಯರ ಹತ್ತಿರ ಹೋಗಬೇಕು. ದೃಷ್ಟಿ ಮಂಜಾದರೂ, ಕೆಂಪು ಹಸಿರು ಬಣ್ಣ ಗುರುತು ಹತ್ತದಿದ್ದರೂ ಹಾಗೆಯೇ. ಅದು ಎಥಾಂಬುಟಾಲ್ ಅನ್ನುವ ಇನ್ನೊಂದು ಟಿಬಿ ಮಾತ್ರೆಯಿಂದ ಆಗಿರಬಹುದು.

ಎರಡನೇ ತಿಂಗಳಲ್ಲಿ ತಮ್ಮನ ಪಾದ ಜೋಮು ಹಿಡಿಯಿತು, ರಾತ್ರಿಯೆಲ್ಲ ಉರಿ. ಒಂದು ದಿನ ಎಡಗಾಲಿನ ಚಪ್ಪಲಿ ಜಾರಿಹೋದದ್ದೂ ತಿಳಿಯದೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ನಡೆದುಬಿಟ್ಟಿದ್ದ. ಐಸೋನಿಯಾಜಿಡ್ ಅನ್ನುವ ಟಿಬಿ ಮಾತ್ರೆಯಿಂದ ಹೀಗಾಗುತ್ತದಂತೆ. ವೈದ್ಯರು ಪಿರಿಡಾಕ್ಸಿನ್, ಅಂದರೆ ವಿಟಮಿನ್ ಬಿ6 ಬರೆದುಕೊಟ್ಟರು, ಕೆಲವು ವಾರದಲ್ಲಿ ಕಡಿಮೆಯಾಯಿತು. ಸಕ್ಕರೆ ಕಾಯಿಲೆ ಇರುವವರಿಗೆ, ಕುಡಿಯುವವರಿಗೆ, ಗರ್ಭಿಣಿಯರಿಗೆ ಈ ಜೋಮಿನ ಕಾಟ ಜಾಸ್ತಿ, ಅವರು ಮೊದಲೇ ಕೇಳಿಕೊಳ್ಳಬೇಕು. ಹೆಂಗಸರಿಗೆ ಹೇಳದೇ ಬಿಡುವ ಇನ್ನೊಂದು ಮಾತಿದೆ: ರಿಫಾಂಪಿಸಿನ್ ತೆಗೆದುಕೊಳ್ಳುವಾಗ ಗರ್ಭನಿರೋಧಕ ಗುಳಿಗೆಯ ಶಕ್ತಿ ಕುಗ್ಗುತ್ತದೆ, ಬೇರೆ ದಾರಿ ಬೇಕಾಗುತ್ತದೆ.

ಕೀಲುನೋವು, ಓಕರಿಕೆಗೆ ವೈದ್ಯರ ಹತ್ತಿರ ಉಪಾಯ ಇದೆ. ಕೆಲವೊಮ್ಮೆ ಮಾತ್ರೆ ನುಂಗುವ ಹೊತ್ತು ಬದಲಿಸಿದರೂ ಸಾಕಾಗುತ್ತದೆ. ಆದರೆ ಹೇಳಿಕೊಂಡರೆ ತಾನೇ?

ಮಾತ್ರೆ ಕೊಡುವವರಲ್ಲಿ ನನ್ನ ಬೇಡಿಕೆ ಇಷ್ಟೇ. "ಮಾತ್ರೆ ತಗೊಂಡ್ರಾ?" ಅಂತ ಪ್ರತಿ ಸಲ ಕೇಳುತ್ತೀರಿ. ಜೊತೆಗೆ "ತಗೊಂಡ ಮೇಲೆ ಏನಾಯ್ತು?" ಅಂತಲೂ ಕೇಳಿ. ತಮ್ಮನನ್ನು ಹಾಗೆ ಕೇಳಿದ್ದು ಎರಡನೇ ತಿಂಗಳಲ್ಲಿ, ಅವನು ಚಪ್ಪಲಿಯ ವಿಷಯ ಬಾಯಿಬಿಟ್ಟಿದ್ದು ಆವತ್ತೇ.

ಇತಿ,
ರೋಗಿಯೊಬ್ಬನ ಅಕ್ಕ