ಎರಡು ಕಿಲೋಮೀಟರ್ ಕಾಡುದಾರಿಗೆ ಇಷ್ಟೊಂದು ಅವಸರ ಯಾಕೆ?

ಮಾನ್ಯ ಸಂಪಾದಕರೇ,

ಬೆಟ್ಟದ ಕಾಡಿನಲ್ಲಿ ಚಿಕ್ಕ ಮಕ್ಕಳು, ವಯಸ್ಸಾದವರು ನಡೆಯಲೆಂದೇ ಮಾಡಿದ ಸುಲಭದ ಕಾಲುದಾರಿಗಳಿರುತ್ತವೆ. ಅಲ್ಲಿಗೆ ಮನೆಮಂದಿಯೆಲ್ಲ ಸೇರಿ ಬರುವುದನ್ನು ನೋಡಿದರೆ ತುಂಬಾ ಖುಷಿಯಾಗುತ್ತದೆ. ಆದರೆ ಬಂದವರು ಮಕ್ಕಳನ್ನು ಎಳೆದುಕೊಂಡು ಓಡುವುದನ್ನು ಕಂಡಾಗ ಸಂಕಟವಾಗುತ್ತದೆ. ಈ ಪತ್ರ ಅದಕ್ಕಾಗಿಯೇ.

ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಈಗ ಐದು ವರ್ಷದ ಮೊಮ್ಮಗಳ ಜೊತೆ ಇಂಥ ದಾರಿಗಳಲ್ಲಿ ನಡೆಯುತ್ತೇನೆ. ಮೊನ್ನೆ ಅವಳು ಬಿದ್ದ ಮರದ ಪಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ತೊಗಟೆ ಸಡಿಲವಾಗಿ, ಅದರ ಮೇಲೆ ಪಾಚಿ ಬೆಳೆದಿತ್ತು. ಬದಿಯಲ್ಲಿ ಸಣ್ಣ ಅಣಬೆಗಳು ಒಂದರ ಮೇಲೊಂದು ಮೂಡಿದ್ದವು. ಕೆಳಗೆ ಒಂದು ಸಹಸ್ರಪದಿ ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡಿತ್ತು. "ಅಜ್ಜೀ, ಇದು ಮಲಗಿದ್ಯಾ?" ಎಂದು ಕೇಳಿದಳು. ಇಲ್ಲ, ಅದು ಹೆದರಿಕೊಂಡಿದೆ, ಮುಟ್ಟಬೇಡ, ಸುಮ್ನೆ ನೋಡು ಎಂದೆ. ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ಬಿಚ್ಚಿಕೊಂಡು ಕೊಳೆತ ಎಲೆಯೊಳಗೆ ನುಸುಳಿತು. ಆ ಎಲೆಯೇ ಅದರ ಊಟ. ಅದು ತಿಂದು ಹಾಕಿದ್ದನ್ನು ಅಣಬೆಗಳೂ ಕಣ್ಣಿಗೆ ಕಾಣದ ಜೀವಿಗಳೂ ಸೇರಿ ಮಣ್ಣಾಗಿಸುತ್ತವೆ.

ಅಷ್ಟರಲ್ಲಿ ಹಿಂದೆ ಬಂದವರೊಬ್ಬರು ಮಗನ ಕೈ ಎಳೆದು, "ಬಾರೋ ಬೇಗ, ವ್ಯೂ ಪಾಯಿಂಟ್ ಮೇಲಿದೆ, ಇಲ್ಲೇನಿದೆ ನೋಡೋಕೆ?" ಎಂದರು. ಆ ಹುಡುಗ ಕತ್ತು ತಿರುಗಿಸಿ ನಮ್ಮನ್ನೇ ನೋಡುತ್ತಾ ಹೋದ. ಇಷ್ಟೆಲ್ಲ ಇದೆಯಲ್ಲ ಇಲ್ಲಿ! ಪಕ್ಕದ ಬಂಡೆಯ ಮೇಲೆ ಬೂದು ಹಸಿರು ಬಣ್ಣದ ಕಲ್ಲುಹೂವು ಇತ್ತು. ಶಿಲೀಂಧ್ರವೂ ಪಾಚಿಯೂ ಒಂದಕ್ಕೊಂದು ಆಸರೆಯಾಗಿ ಕೂಡಿ ಬಾಳುವ ಜೀವ ಅದು. ಬಂಡೆಗೆ ಅಂಟಿ ಬೆಳೆಯುವ ಎಷ್ಟೋ ಬಗೆಗಳು ವರ್ಷಕ್ಕೆ ಒಂದು ಮಿಲಿಮೀಟರ್ ಹಿಗ್ಗಿದರೆ ಹೆಚ್ಚು. ಹಾಗಾಗಿ ಅಂಗೈ ಅಗಲದ ಮಚ್ಚೆಗೆ ಎಷ್ಟು ವಯಸ್ಸಿರಬಹುದು? "ನಿನಗಿಂತ ದೊಡ್ಡದಾ ಅಜ್ಜೀ?" ಎಂದಳು. ಇರಬಹುದು ಕಂದಾ ಎಂದೆ.

ಅವಸರದಿಂದ ದಾರಿಗೂ ಪೆಟ್ಟು ಬೀಳುತ್ತದೆ. ಬೆಟ್ಟದ ದಾರಿಯನ್ನು ಸುತ್ತಿ ಬಳಸಿ ಮಾಡುವುದು ಏರು ಕಡಿಮೆಯಾಗಲಿ, ಮಳೆನೀರು ನೇರ ಕೆಳಗೆ ನುಗ್ಗದಿರಲಿ ಎಂದು. ಎರಡು ತಿರುವುಗಳ ನಡುವೆ ನೇರವಾಗಿ ಇಳಿದರೆ ಉಳಿಯುವುದು ಒಂದೆರಡು ನಿಮಿಷ. ಆದರೆ ನಾಲ್ಕು ಜನ ಇಳಿದ ಕಡೆ ನಲವತ್ತು ಜನ ಇಳಿಯುತ್ತಾರೆ. ಗಿಡ ಸಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗದೆ ಅದೇ ಜಾಡಿನಲ್ಲಿ ಹರಿದು ಕೊರಕಲು ಬೀಳುತ್ತದೆ. ಬೇರು ಮೇಲೆ ಬಂದು ಮುಂದೆ ಎಡವುವುದೂ ಮಕ್ಕಳೇ. ಕೆಸರಿನ ಹೊಂಡ ಸಿಕ್ಕರೂ ಅಷ್ಟೇ. ಬದಿಯಿಂದ ಬಳಸಿ ಹೋದಷ್ಟೂ ದಾರಿ ಅಗಲವಾಗುತ್ತಾ ಗಿಡಗಳನ್ನು ನುಂಗುತ್ತದೆ. ಹಳೇ ಬೂಟು ಹಾಕಿಸಿ, ಮಕ್ಕಳನ್ನು ಕೆಸರಿನಲ್ಲೇ ನಡೆಸಿ. ಅವರಿಗೆ ಬೇಕಾಗಿರುವುದೂ ಅದೇ ಅಲ್ವಾ?

ಅವಸರಕ್ಕೆ ಒಂದು ಕಾರಣ ದಾರಿ ಶುರುವಾಗುವಲ್ಲಿನ ಫಲಕ. ಬರೀ '2 ಕಿ.ಮೀ., ಸುಲಭ' ಎಂದಿದ್ದರೆ ಜನ ಅರ್ಧ ಗಂಟೆ ಸಾಕು ಅಂದುಕೊಳ್ಳುತ್ತಾರೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಒಂದು ಲೆಕ್ಕ ಕೊಟ್ಟಿದ್ದರು. ಸುಮಾರು 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 2 ಕಿಲೋಮೀಟರಿನಲ್ಲಿ 120 ಮೀಟರ್ ಏರಿದ್ದರೆ 36 ನಿಮಿಷ. ಅದೂ ಗಟ್ಟಿಮುಟ್ಟಾದ ದೊಡ್ಡವರಿಗೆ, ಎಲ್ಲೂ ನಿಲ್ಲದೆ ನಡೆದರೆ. ಪುಟ್ಟ ಮಕ್ಕಳಿದ್ದರೆ ಎರಡು ಗಂಟೆ ಇಟ್ಟುಕೊಳ್ಳಿ, ಬೆಳಿಗ್ಗೆಯೇ ಹೊರಡಿ. ಬೆಟ್ಟದ ಮರೆಯಲ್ಲಿ ಬೇಗ ಕತ್ತಲಾಗುತ್ತದೆ.

ದಾರಿ ನೋಡಿಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟೇ. ಫಲಕದಲ್ಲಿ ದೂರದ ಜೊತೆ ಎಷ್ಟು ಮೀಟರ್ ಏರು, ಮಕ್ಕಳ ನಡಿಗೆಗೆ ಎಷ್ಟು ಹೊತ್ತು ಎಂದೂ ಬರೆಯಿಸಿ. ಅಡ್ಡ ಇಳಿದರೆ ಏನಾಗುತ್ತದೆ ಎಂಬ ಇನ್ನೊಂದು ಫಲಕವನ್ನು ಮೊದಲ ತಿರುವಿನಲ್ಲೇ ನಿಲ್ಲಿಸಿ. ಜನ ಅಡ್ಡ ಇಳಿಯಲು ಶುರು ಮಾಡುವುದು ಅಲ್ಲಿಂದಲೇ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ